ಕೈಗೆ ಒಗ್ಗುವ ಪಿಸ್ತೂಲು: 10 ಮೀಟರ್ ಏರ್ ಪಿಸ್ತೂಲಿನ ಹೊಂದಾಣಿಕೆಯಲ್ಲಿ ಹಿಡಿಯ ಸ್ಥಾನ

ಸಾರಾಂಶ: ಸ್ಪರ್ಧಾ ಪಿಸ್ತೂಲನ್ನು ಶೂಟರ್‌ಗೆ ಒಗ್ಗಿಸುವಾಗ ಟ್ರಿಗರ್, ತೂಕ, ಸೈಟ್ ಇವೆಲ್ಲಕ್ಕೂ ಮೊದಲು ಹಿಡಿಯನ್ನು ಸರಿಪಡಿಸಬೇಕೆಂಬುದು ಈ ಲೇಖನದ ವಾದ. ಸ್ಪರ್ಧೆಯ ನಿಯಮಗಳನ್ನೂ ಸೈಟ್‌ಗಳ ಜ್ಯಾಮಿತಿಯನ್ನೂ ಆಧಾರವಾಗಿಟ್ಟುಕೊಂಡು ಅದನ್ನು ಇಲ್ಲಿ ಪರಿಶೀಲಿಸಲಾಗಿದೆ.

1. ನಿಯಮದ ಮೇರೆ

ಅಂತಾರಾಷ್ಟ್ರೀಯ ಶೂಟಿಂಗ್ ಒಕ್ಕೂಟದ ನಿಯಮದಂತೆ 4.5 ಮಿ.ಮೀ. ಏರ್ ಪಿಸ್ತೂಲಿನ ತೂಕ 1,500 ಗ್ರಾಂ ಮೀರಬಾರದು. ಅದು 420×200×50 ಮಿ.ಮೀ. ಪೆಟ್ಟಿಗೆಯೊಳಗೆ ಹಿಡಿಸಬೇಕು, ಟ್ರಿಗರ್ 500 ಗ್ರಾಂಗಿಂತ ಹಗುರವಾಗಿರಬಾರದು. ಮಣಿಕಟ್ಟಿಗೆ ಆಸರೆ ಸಲ್ಲದು, ಹಿಡಿ ಕೈಯನ್ನು ಸುತ್ತುವರಿಯುವಂತಿಲ್ಲ. ಸ್ಟೇಯರ್, ಮೊರಿನಿ, ಫೈನ್‌ವೆರ್ಕ್‌ಬಾವ್, ವಾಲ್ಥರ್, ಪಾರ್ಡಿನಿ ಇವೆಲ್ಲ ಈ ಮೇರೆಯೊಳಗೇ ತಯಾರಾಗುತ್ತವೆ. ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ.; ಬಿಗಿಯಾಗಿ ಕಟ್ಟಿ ಹಾರಿಸಿದರೆ ಇವುಗಳಲ್ಲಿ ಯಾವುದೇ ಆದರೂ ಅದಕ್ಕಿಂತ ಬಹಳ ಕಿರಿದಾದ ಜಾಗದಲ್ಲಿ ಗುಂಡುಗಳನ್ನು ಕೂರಿಸುತ್ತದೆ. ಹಾಗಾಗಿ ಆಯ್ಕೆಯ ಪ್ರಶ್ನೆ ನಳಿಗೆಯದಲ್ಲ, ಕೈಯದು.

2. ಎರಡು ಬಗೆಯ ತಪ್ಪು

ಸೈಟ್‌ಗಳು ಒಂದೇ ನೇರದಲ್ಲಿದ್ದು ಇಡೀ ತೋಳು 5 ಮಿ.ಮೀ. ಸರಿದರೆ ಗುಂಡೂ 5 ಮಿ.ಮೀ. ಮಾತ್ರ ಸರಿಯುತ್ತದೆ; ಅಂಕ ಹತ್ತೇ ಉಳಿಯುತ್ತದೆ. ಆದರೆ ಎರಡು ಸೈಟ್‌ಗಳ ಅಂತರ 320 ಮಿ.ಮೀ. ಇರುವ ಪಿಸ್ತೂಲಿನಲ್ಲಿ ಮುಂದಿನ ಸೈಟ್ ಹಿಂದಿನದರ ನೇರದಿಂದ 1 ಮಿ.ಮೀ. ತಪ್ಪಿದರೆ ಗುಂಡು ಸುಮಾರು 31 ಮಿ.ಮೀ. ಆಚೆ ಬಿದ್ದು ಅಂಕ ಏಳಕ್ಕಿಳಿಯುತ್ತದೆ. ತೋಳಿನ ನಡುಕಕ್ಕಿಂತ ಮಣಿಕಟ್ಟಿನ ತಿರುವು ಇಷ್ಟು ದುಬಾರಿ. ಆ ತಿರುವನ್ನು ತಡೆಯುವ ಭಾಗ ಹಿಡಿ.

3. ಹಿಡಿಯ ಪರೀಕ್ಷೆ

ಪರೀಕ್ಷೆ ಸರಳ. ಕಣ್ಣು ಮುಚ್ಚಿ ತೋಳೆತ್ತಿ, ನಿಲುವು ನೆಲೆಗೊಂಡ ಮೇಲೆ ಕಣ್ಣು ತೆರೆಯಬೇಕು. ಮುಂದಿನ ಸೈಟ್ ಹಿಂದಿನದರ ಕಚ್ಚಿನ ನಡುವೆ ಕಂಡರೆ ಹಿಡಿ ಒಗ್ಗಿದೆ. ಪ್ರತಿ ಸಲವೂ ಒಂದೇ ಕಡೆಗೆ ವಾಲಿದ್ದರೆ ದೋಷ ಹಿಡಿಯ ಕೋನದಲ್ಲಿದೆ. ಅದನ್ನು ಸೈಟ್ ತಿರುಪಿನಿಂದ ಮುಚ್ಚಿಡಬಾರದು. ಕೋನ ಸರಿಯಾದ ಬಳಿಕ ಮರದ ಕೆಲಸ: ಒತ್ತುವ ಉಬ್ಬನ್ನು ಅರದಿಂದ ತುಸುತುಸುವೇ ಉಜ್ಜುವುದು, ಪೊಳ್ಳಿರುವಲ್ಲಿ ಪುಟ್ಟಿ ತುಂಬುವುದು. ಅಂಗೈ ಕೆಳಗಿನ ಆಸರೆ ಕೈಯನ್ನು ತಾಗಬೇಕು, ಹಿಂಡಬಾರದು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿದರೆ ಮಾತ್ರ ಫಲ ಯಾವುದರದೆಂದು ತಿಳಿಯುತ್ತದೆ.

4. ಟ್ರಿಗರ್ ಮತ್ತು ತೂಕ

ತೋರುಬೆರಳು ಹಿಡಿಯ ಮರಕ್ಕೆ ತಾಗದೆ, ತುದಿಗಿಣ್ಣಿನ ಮೆತ್ತೆಯಿಂದ ಟ್ರಿಗರನ್ನು ನೇರ ಹಿಂದಕ್ಕೆ ಎಳೆಯುವಂತಿರಬೇಕು. ಹಿಡಿ ಬದಲಾದರೆ ಬೆರಳಿನ ಈ ಜಾಗವೂ ಬದಲಾಗುತ್ತದೆ. ಟ್ರಿಗರ್ ಹೊಂದಾಣಿಕೆ ಎರಡನೆಯದಾಗುವುದು ಅದಕ್ಕೇ. ಎಳೆತವನ್ನು ಸರಿಯಾಗಿ 500 ಗ್ರಾಂಗೆ ನಿಲ್ಲಿಸುವುದು ಅಪಾಯ: ಸ್ಪರ್ಧೆಯ ನಂತರದ ತಪಾಸಣೆಯಲ್ಲಿ ತುಸು ಕಡಿಮೆ ಕಂಡರೂ ಅನರ್ಹತೆ. ಮೂತಿಯ ಕಡೆ ಸೇರಿಸಿದ ತೂಕ ಪಿಸ್ತೂಲನ್ನು ನಿಧಾನವಾಗಿ ಅಲುಗಿಸುತ್ತದೆ, ಭುಜವನ್ನು ಬೇಗ ದಣಿಸುತ್ತದೆ. 75 ನಿಮಿಷಗಳಲ್ಲಿ 60 ಗುಂಡು ಹಾರಿಸುವವರು ಮೊದಲ ಹತ್ತರಲ್ಲಿ ಹಿತವೆನಿಸಿದ ತೂಕವನ್ನಲ್ಲ, ಕೊನೆಯ ಹತ್ತರಲ್ಲೂ ತಾಳಬಲ್ಲ ತೂಕವನ್ನು ಆರಿಸಬೇಕು.

5. ಸಮಾರೋಪ

2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನ ಅರ್ಹತಾ ಸುತ್ತಿನಲ್ಲಿ ಮನು ಭಾಕರ್ ಅವರ ಪಿಸ್ತೂಲು ಕೆಟ್ಟು, ದುರಸ್ತಿಯಲ್ಲಿ ಅಮೂಲ್ಯ ಸಮಯ ಕಳೆದುಹೋಯಿತು. ಅವರು ಫೈನಲ್ ತಲುಪಲಿಲ್ಲ. 2024ರಲ್ಲಿ ಪ್ಯಾರಿಸ್‌ನಲ್ಲಿ ಅವರು ಎರಡು ಕಂಚು ಗೆದ್ದರು. ಯಂತ್ರ ಯಾವಾಗಲಾದರೂ ಕೈಕೊಡಬಹುದು; ಆದ್ದರಿಂದ ಬದಲಿ ಪಿಸ್ತೂಲಿಗೂ ಅದೇ ಅಳತೆಯ ಹಿಡಿ ಸಿದ್ಧವಿರಬೇಕು.

ನಮ್ಮ ಕ್ಲಬ್ಬುಗಳಲ್ಲಿ ಒಂದೇ ಪಿಸ್ತೂಲನ್ನು ಹಲವು ಕಲಿಯುವವರು ಬಳಸುವುದುಂಟು. ಸಣ್ಣ ಕೈಯ ಹುಡುಗಿಯೂ ಎಡಗೈಯ ಹುಡುಗನೂ ಮತ್ತೊಬ್ಬರ ಅಂಗೈಗೆ ಕೊರೆದ ಮರವನ್ನು ಹಿಡಿದು ಮಣಿಕಟ್ಟಿನ ದೋಷವನ್ನೇ ರೂಢಿ ಮಾಡಿಕೊಳ್ಳುತ್ತಾರೆ. ಹಿಡಿಯನ್ನು ತಿರುಪು ಬಿಚ್ಚಿ ಬದಲಿಸಬಹುದು. ಹೊಸ ಪಿಸ್ತೂಲು ಕೊಳ್ಳುವ ಮೊದಲು ಬೇರೆ ಬೇರೆ ಅಳತೆಯ, ಎಡಗೈಯವರದೂ ಸೇರಿದಂತೆ, ಕೆಲವು ಹಿಡಿಗಳನ್ನು ಕ್ಲಬ್ಬುಗಳು ಕೊಳ್ಳಲಿ. ಪಿಸ್ತೂಲು ಹಂಚಿಕೆಯದಾಗಿದ್ದರೂ ಹಿಡಿ ಅವರವರದೇ ಆಗಿರಬೇಕು.