ಬೋರ್ಡ್ ಇಲ್ಲದ ಕಾಲದಲ್ಲಿ ಘಟ್ಟದ ದಾರಿಗೆ ಗುರುತು: ಕೊಡಚಾದ್ರಿ, ಹೊಳೆ, ಗೋಳಿಮರ

ಕುಂದಾಪುರ: ಬಸ್ರೂರು, ಬಾರಕೂರು ದೊಡ್ಡ ವ್ಯಾಪಾರದ ಊರುಗಳಾಗಿದ್ದ ಕಾಲದಲ್ಲಿ ಕರಾವಳಿಯ ಉಪ್ಪು, ಒಣಮೀನು ಘಟ್ಟ ಹತ್ತುತ್ತಿತ್ತು. ಮೇಲಿನಿಂದ ಕಾಳುಮೆಣಸು, ಅಡಿಕೆ ಇಳಿಯುತ್ತಿತ್ತು. ಹೇರು ಹೊತ್ತ ಎತ್ತುಗಳು, ತಲೆಹೊರೆಯವರು ನಡೆದ ದಾರಿ ಅದು. ಬೋರ್ಡೂ ಇಲ್ಲ, ಮೈಲಿಗಲ್ಲೂ ಇಲ್ಲ. ದಾರಿ ತಿಳಿಯಬೇಕಿದ್ದರೆ ಸುತ್ತಲಿನ ಗುಡ್ಡ, ಹೊಳೆ, ಮರ ನೋಡಬೇಕಿತ್ತು.

ದೊಡ್ಡ ಗುರುತು ಕೊಡಚಾದ್ರಿ. ಎತ್ತರ 1,343 ಮೀಟರ್. ಲೆಕ್ಕಕ್ಕೆ ಹೊಸನಗರ ತಾಲೂಕಿನದ್ದಾದರೂ ಕಾಂಬುದು ನಮ್ಮ ಕಡಲ ಬದಿಗೆ. ಬೈಂದೂರಲ್ಲಿ ನಿಂತರೆ ಅದು ನೇರ ಮೂಡಕ್ಕೆ, ಕುಂದಾಪುರದಿಂದ ಈಶಾನ್ಯಕ್ಕೆ, ಬ್ರಹ್ಮಾವರ ಕಡೆಯಿಂದ ಹೆಚ್ಚುಕಡಿಮೆ ಬಡಗಿಗೆ. ಅಂದ್ರೆ ಗುಡ್ಡ ಯಾವ ದಿಕ್ಕಿಗಿದೆ ಅಂತ ನೋಡಿದರೆ ಸಾಕು, ತಾನು ಎಲ್ಲಿದ್ದೇನೆ ಅಂತ ಅಂದಾಜು ಸಿಗ್ತದೆ. ದೋಣಿಯವರಿಗೂ ಇದೇ ಲೆಕ್ಕ. ಮಳೆಗಾಲದಲ್ಲಿ ಮಾತ್ರ ಮೋಡ ಮುಚ್ಚಿ ಗುಡ್ಡವೇ ಮಾಯ. ಮಳೆ ಬಿಟ್ಟ ಹೊಸತರಲ್ಲಿ, ಸಂಜೆ ಬಿಸಿಲು ಪಡುವಿನಿಂದ ಬೀಳುವಾಗ ಚೆಂದ ಕಾಣ್ತದೆ.

ಕಾಡಿನೊಳಗೆ ಹೊಕ್ಕರೆ ಗುಡ್ಡ ಕಾಣುವುದಿಲ್ಲ. ಅಲ್ಲಿ ಹೊಳೆಯೇ ದಾರಿ. ಸೌಪರ್ಣಿಕಾ ಹಿಡಿದು ಮೇಲೆ ಹೋದರೆ ಕೊಲ್ಲೂರು, ಅಲ್ಲಿಂದ ಘಟ್ಟ ಹತ್ತಿ ಕೆಳದಿ ಅರಸರ ಬಿದನೂರು, ಅಂದರೆ ಈಗಿನ ನಗರ. ವಾರಾಹಿ ಹಿಡಿದರೆ ಹಾಲಾಡಿ, ಹೊಸಂಗಡಿ, ಮುಂದೆ ಬಾಳೆಬರೆ ಘಾಟಿ. ಬಾರಕೂರಿನವರಿಗೆ ಸೀತಾ ನದಿ, ಹೆಬ್ರಿ, ಆಗುಂಬೆ. ಗಂಗೊಳ್ಳಿ ಹತ್ತಿರ ಐದು ಹೊಳೆ ಸೇರುವುದರಿಂದ ತಪ್ಪು ಹೊಳೆ ಹಿಡಿದವನು ಬೇರೆಯೇ ಘಾಟಿ ಬುಡಕ್ಕೆ ಹೋಗಿ ಮುಟ್ಟುತ್ತಿದ್ದ! 1623ರಲ್ಲಿ ಇಟಲಿಯ ಪಿಯೆತ್ರೊ ದೆಲ್ಲಾ ವಾಲ್ಲೆ ಇಕ್ಕೇರಿಯಿಂದ ಘಟ್ಟ ಇಳಿದು ಬಂದದ್ದು ಬಸ್ರೂರಿಗೆ. 1783ರಲ್ಲಿ ಇಂಗ್ಲಿಷ್ ಜನರಲ್ ಮ್ಯಾಥ್ಯೂಸನ ಸೈನ್ಯ ಕುಂದಾಪುರ ಹಿಡಿದು, ಹೊಸಂಗಡಿ ದಾರಿಯಲ್ಲೇ ಬಿದನೂರಿಗೆ ಹತ್ತಿತು.

ಮೂರನೆಯದು ಮರ. ಗೋಳಿಮರ ದೂರಕ್ಕೆ ಕಾಣ್ತದೆ, ನೆರಳೂ ದೊಡ್ಡದು. ಬುಡದಲ್ಲಿ ಕಟ್ಟೆ ಇದ್ದರೆ ಹೊರೆ ಇಳಿಸಲಿಕ್ಕೆ ಸುಲಭ. ಜನ ನಿಂತಲ್ಲಿ ಅಂಗಡಿ ಬರುವುದು ಇವತ್ತಿಗೂ ಇರುವ ಲೆಕ್ಕವೇ. ಗೋಳಿಯಂಗಡಿ ಅನ್ನುವ ಹೆಸರಲ್ಲಿ ಮರವೂ ಇದೆ, ಅಂಗಡಿಯೂ ಇದೆ. ನೇರಳಕಟ್ಟೆಯಲ್ಲಿ ನೇರಳೆ ಮರ, ಕಟ್ಟೆ ಎರಡೂ ಇವೆ. ಇವೆಲ್ಲ ಈಗ ಬಸ್ ಸ್ಟಾಪಿನ ಹೆಸರು ಮಾತ್ರ ಅಂತ ತಿಳಿದವರೇ ಹೆಚ್ಚು.

ರಸ್ತೆ ಅಗಲ ಮಾಡುವಾಗ ಮೊದಲು ಹೋಗುವುದು ಬದಿಯ ಮರ. ಮರ ಹೋದ ಮೇಲೆ ಹೆಸರಾದರೂ ಉಳಿದಿತ್ತು. ಈಗ ಅಂಗಡಿ ಬೋರ್ಡು, ಬಿಲ್ ಪುಸ್ತಕಗಳಲ್ಲಿ ಅದೂ ಹೋಗಿ 'ಮೇನ್ ರೋಡ್', 'ಜಂಕ್ಷನ್' ಅಂತ ಬರುತ್ತಿದೆ. ಮೇನ್ ರೋಡ್ ಎಲ್ಲ ಊರಲ್ಲೂ ಉಂಟು. ನೇರಳಕಟ್ಟೆ ಅಂದರೆ ಗಿರಾಕಿಗೆ ಕೂಡಲೇ ಗೊತ್ತಾಗ್ತದೆ.