ಗದ್ದೆಯ ಅಡಿಯಿಂದ ಮನೆಯ ಮಾಡಿಗೆ

ಹಳೆಯ ಮಂಗಳೂರು ಹಂಚೊಂದನ್ನು ಮಗುಚಿ ನೋಡಿದರೆ ಕಾರ್ಖಾನೆಯ ಹೆಸರು, ಊರು, ಕೆಲವೊಮ್ಮೆ ಇಸವಿ ಸಹ ಅಚ್ಚಾಗಿರುವುದು ಕಾಣುತ್ತದೆ. ಮಣ್ಣು ಯಾವ ಗದ್ದೆಯದೆಂದು ಮಾತ್ರ ಎಲ್ಲಿಯೂ ಬರೆದಿರುವುದಿಲ್ಲ.

ಒಂದಕ್ಕೊಂದು ಕಚ್ಚಿಕೊಳ್ಳುವ ಇಂಥ ಚಪ್ಪಟೆ ಹಂಚು ಹುಟ್ಟಿದ್ದು ಕರಾವಳಿಯಲ್ಲಲ್ಲ. 1841ರಲ್ಲಿ ಫ್ರಾನ್ಸಿನ ಅಲ್ಸೇಸ್ ಪ್ರಾಂತ್ಯದ ಗಿಲಾರ್ಡೋನಿ ಸಹೋದರರು ಅದನ್ನು ರೂಪಿಸಿದರು. ಮಂಗಳೂರಿಗೆ ತಂದವನು ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್. ಅವನು ಬಂದದ್ದು ಮುದ್ರಣಾಲಯದ ಕೆಲಸಕ್ಕೆ; ಪ್ರಸಿದ್ಧನಾದದ್ದು 1865ರಲ್ಲಿ ಜೆಪ್ಪುವಿನಲ್ಲಿ ತೆರೆದ ಹಂಚಿನ ಕಾರ್ಖಾನೆಯಿಂದ. ಮತಾಂತರದ ಬಳಿಕ ಕುಲಕಸುಬು, ನೆಂಟರಿಷ್ಟರ ಆಸರೆ ಎರಡನ್ನೂ ಕಳೆದುಕೊಂಡವರಿಗೆ ಕೂಲಿ ಒದಗಿಸುವುದು ಮಿಷನ್ನಿನ ಉದ್ದೇಶವಾಗಿತ್ತು.

ಅಚ್ಚು ಪರದೇಶದ್ದಾದರೂ ಮಣ್ಣು ಇಲ್ಲಿಯದೇ ಆಗಬೇಕಿತ್ತು. ನೇತ್ರಾವತಿ, ಗುರುಪುರ ನದಿಗಳು ಘಟ್ಟದಿಂದ ಹೊತ್ತು ತಂದು ದಡದ ಬಯಲುಗಳಲ್ಲಿ ಬಿಟ್ಟ ಆವೆಮಣ್ಣು ಇದಕ್ಕೆ ಒದಗಿತು. ಜಿಗುಟಿದ್ದರೆ ಸಾಕು, ಯಾವ ಮಣ್ಣಾದರೂ ಆದೀತು ಎನ್ನುವಂತಿಲ್ಲ. ಬಯಲುಸೀಮೆಯ ಎರೆಮಣ್ಣು ಬೇಕಾದಷ್ಟು ಜಿಗುಟು. ಆದರೆ ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಮರಳು ಹೆಚ್ಚಾದರೆ ಹಂಚು ಸೋರುತ್ತದೆ, ತೀರ ಕಡಿಮೆಯಾದರೆ ಒಣಗುವಾಗಲೇ ಸೊಟ್ಟಗಾಗುತ್ತದೆ. ಮಣ್ಣಿನಲ್ಲಿ ಒಂದು ಸುಣ್ಣದ ಹರಳು ಉಳಿದರೂ ಕೇಡೇ. ಬೆಂಕಿಯಲ್ಲಿ ಬೆಂದು ಸುಟ್ಟ ಸುಣ್ಣವಾಗುವ ಅದು ಮುಂದೆಂದೋ ತೇವ ಹೀರಿ ಉಬ್ಬಿ, ಹಂಚಿನ ಚಕ್ಕೆ ಎಬ್ಬಿಸುತ್ತದೆ. ಇಟ್ಟಿಗೆಯಾದರೆ ಇಂಥ ದೋಷಗಳನ್ನು ಗೋಡೆಯ ದಪ್ಪದಲ್ಲಿ ಅಷ್ಟಿಷ್ಟು ಸಹಿಸಿಕೊಂಡೀತು. ರೀಪಿನ ಮೇಲೆ ಕುಳಿತು ಆಷಾಢದ ಮಳೆಗೆ ಮೈಯೊಡ್ಡುವ ತೆಳು ಹಂಚಿಗೆ ಆ ಸವಲತ್ತಿಲ್ಲ.

ಆದ್ದರಿಂದಲೇ ಅಗೆದ ಮಣ್ಣನ್ನು ರಾಶಿ ಹಾಕಿ ಹದಕ್ಕೆ ಬರಲು ಬಿಡುತ್ತಿದ್ದರು. ಬೇರೆ ಬೇರೆ ಕಡೆಯ ಮಣ್ಣು ಬೆರೆಸಿ ಅರೆದು, ಅಚ್ಚೊತ್ತಿ, ಬಿಸಿಲು ತಾಗದಂತೆ ನೆರಳಿನಲ್ಲಿ ಒಣಗಿಸುತ್ತಿದ್ದರು. ಆಮೇಲೆ ಆವಿಗೆ. ಸುಮಾರು 600 ಡಿಗ್ರಿ ಸೆಲ್ಸಿಯಸ್ ತಲಪುವ ವೇಳೆಗೆ ಜೇಡಿಯ ಕಣಗಳೊಳಗೆ ಬೆಸೆದುಕೊಂಡಿದ್ದ ನೀರೂ ಬಿಟ್ಟುಹೋಗುತ್ತದೆ. ಇನ್ನೂ ಮೇಲಿನ ಕಾವಿನಲ್ಲಿ ಕಣಗಳು ಒಂದಕ್ಕೊಂದು ಅಂಟಿ ಗಟ್ಟಿಯಾಗುತ್ತವೆ. ಬೂದುಬಣ್ಣದ ಮಣ್ಣು ಕೆಂಪಾಗುವುದು ಅದರಲ್ಲಿರುವ ಕಬ್ಬಿಣದ ಅಂಶದಿಂದ.

ಹೀಗೆ ಬೆಂದದ್ದು ಮತ್ತೆ ನೀರಿಗೆ ಕರಗುವುದಿಲ್ಲ. ಹಂಚಿನ ಹಿರಿಮೆ ಇದೇ. ಗದ್ದೆಯ ನಷ್ಟವೂ ಇದೇ. ಹಂಚೊಂದು ಎರಡು ಕಿಲೋಗೂ ಹೆಚ್ಚು ತೂಗುತ್ತದೆ, ಒಂದು ಚದರ ಮೀಟರ್ ಮಾಡಿಗೆ ಹದಿನೈದರಷ್ಟು ಬೇಕು. ಒಂದು ಸಾಧಾರಣ ಮನೆಗೇ ಹಲವು ಟನ್ ಮಣ್ಣು! ನೀರು ಹಿಡಿದಿಟ್ಟು ಭತ್ತ ಬೆಳೆಸುವುದೂ ಇದೇ ಜೇಡಿಯ ಪದರ. ಆಳವಾಗಿ ಅಗೆದ ಗದ್ದೆ ಹೊಂಡವಾಗುತ್ತದೆ. ಅದನ್ನು ತುಂಬಿಸಬೇಕಾದದ್ದು ನೆರೆ, ಅದೂ ವರ್ಷಕ್ಕೊಂದು ತೆಳು ಪದರದ ಲೆಕ್ಕದಲ್ಲಿ.

ಮೊದಲ ಮಹಾಯುದ್ಧದ ಕಾಲದಲ್ಲಿ ಮಿಷನ್ನಿನ ಕಾರ್ಖಾನೆಗಳು ಬ್ರಿಟಿಷರ ವಶವಾಗಿ, ಬಳಿಕ ಕಾಮನ್‌ವೆಲ್ತ್ ಟ್ರಸ್ಟಿಗೆ ಸೇರಿದವು. ಅಷ್ಟರಲ್ಲಿ ಸ್ಥಳೀಯರೂ ಅನೇಕರು ಈ ಉದ್ಯಮಕ್ಕೆ ಇಳಿದಾಗಿತ್ತು. ಮುಂದೆ ಕಾಂಕ್ರೀಟಿನ ಪೈಪೋಟಿ, ಮಣ್ಣು ಮತ್ತು ಸೌದೆಯ ಅಭಾವ ಸೇರಿ ಹಲವು ಕಾರ್ಖಾನೆಗಳು ಮುಚ್ಚಿದವು. ಕೆಡವಿದ ಮನೆಗಳ ಹಂಚಿಗೆ ಮಾತ್ರ ಈಗಲೂ ಗಿರಾಕಿಗಳಿದ್ದಾರೆ. ಬೆರಳಿನಿಂದ ತಟ್ಟಿ, ಠಣ್ಣೆಂದರೆ ಕೊಳ್ಳುತ್ತಾರೆ.