ಒಂದು ಗೇಟು, ಹದಿನಾರು ಕ್ಯಾಮೆರಾ: ಪ್ರೊಸೆಸರ್ ಸೋಲುವುದೆಲ್ಲಿ?

ವಿರಾಜಪೇಟೆಯಿಂದ ಪೆರುಂಬಾಡಿ ದಾಟಿ ಘಾಟಿ ಇಳಿದರೆ ಕೇರಳದ ಗಡಿಗೆ ಅಂಟಿಕೊಂಡಿರುವ ಮಾಕುಟ್ಟ ಸಿಗುತ್ತದೆ. 2021ರಲ್ಲಿ ಕೇರಳದಿಂದ ಬರುವವರ ಕೋವಿಡ್ ವರದಿ ನೋಡಿ ಒಳಬಿಡುತ್ತಿದ್ದ ಗೇಟು ಇದು. ಇಂಥ ಗಡಿ ಗೇಟಿಗೆ ಒಂದು ಕ್ಯಾಮೆರಾ ಸಾಲದು. ನಂಬರ್ ಪ್ಲೇಟಿಗೊಂದು, ಲಾರಿಯ ಲೋಡಿಗೊಂದು, ಕೌಂಟರಿಗೊಂದು, ರಸ್ತೆಯ ಆಚೆ-ಈಚೆಗೆ ಒಂದೊಂದು ಎನ್ನುತ್ತ ಹೋದರೆ ಎಂಟು, ಹದಿನಾರು ಆಗಿಬಿಡುತ್ತವೆ. ಅಷ್ಟನ್ನೂ ಒಂದೇ ಕಂಪ್ಯೂಟರಿಗೆ ತಂದಾಗ ಪ್ರೊಸೆಸರ್ ಬಳಕೆ ಶೇ. 100 ಮುಟ್ಟಿ, ಚಿತ್ರ ತಡವರಿಸಿ, ಬೇಕಾದ ಕ್ಷಣವೇ ದಾಖಲಾಗದೆ ಹೋಗುವುದುಂಟು. ಹೊಸ ಕಂಪ್ಯೂಟರ್ ತನ್ನಿ ಎಂದು ಸಲಹೆ ಕೊಡುವವರೇ ಹೆಚ್ಚು. ಈ ತಂತ್ರಜ್ಞಾನ ನಡೆದು ಬಂದ ದಾರಿಯನ್ನು ನೋಡಿದರೆ ಅದು ಕೊನೆಗೆ ಯೋಚಿಸಬೇಕಾದ ಮಾತು. ರೆಕಾರ್ಡ್ ಮಾಡುವುದು ಪ್ರೊಸೆಸರಿಗೆ ಭಾರವಲ್ಲ. ಕುಗ್ಗಿಸಿದ ಚಿತ್ರವನ್ನು ಬಿಚ್ಚುವುದು ಭಾರ, ಬಿಚ್ಚಿದ್ದನ್ನು ಮತ್ತೆ ಕುಗ್ಗಿಸುವುದು ಇನ್ನೂ ಭಾರ.

ಕಾಫಿ ಸೀಮೆಯವರಿಗೆ ಹಿಡಿಸುವ ಕಥೆಯಿಂದ ಶುರುಮಾಡಬಹುದು. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರು ಪಾತ್ರೆಯಲ್ಲಿ ಕಾಫಿ ಉಳಿದಿದೆಯೋ ಇಲ್ಲವೋ ಎಂದು ಕೂತಲ್ಲಿಂದಲೇ ತಿಳಿಯಲು ಅದರ ಮುಂದೆ ಕ್ಯಾಮೆರಾ ಇಟ್ಟರು. ಒಂದೇ ಕ್ಯಾಮೆರಾ, ಸಣ್ಣ ಕಪ್ಪು-ಬಿಳುಪು ಚಿತ್ರ, ನಿಮಿಷಕ್ಕೆ ಕೆಲವೇ ಫ್ರೇಮು. ಪ್ರೊಸೆಸರಿಗೆ ಅದು ಲೆಕ್ಕಕ್ಕೇ ಇರಲಿಲ್ಲ.

ತೊಂದರೆ ಶುರುವಾದದ್ದು ಕ್ಯಾಮೆರಾದ ಚಿತ್ರವನ್ನು ಕಂಪ್ಯೂಟರಿಗೆ ತರುವ ಕ್ಯಾಪ್ಚರ್ ಕಾರ್ಡುಗಳ ಕಾಲದಲ್ಲಿ. ಅನಲಾಗ್ ಕ್ಯಾಮೆರಾದ ಪೂರ್ತಿ ಅಳತೆಯ ಚಿತ್ರ ಎಂದರೆ ಸೆಕೆಂಡಿಗೆ ಸುಮಾರು 20 ಎಂಬಿ ಕುಗ್ಗಿಸದ ದತ್ತಾಂಶ. ಅದು ಹಾದುಹೋಗಬೇಕಿದ್ದ, ಕಂಪ್ಯೂಟರಿನೊಳಗಿನ ಪಿಸಿಐ ದಾರಿಯ ಸಾಮರ್ಥ್ಯ ಕಾಗದದ ಮೇಲೇ ಸೆಕೆಂಡಿಗೆ 133 ಎಂಬಿ. ಆರು ಕ್ಯಾಮೆರಾಕ್ಕೆ ದಾರಿ ಭರ್ತಿ. ಅಷ್ಟನ್ನೂ ಕುಗ್ಗಿಸುವ ಕೆಲಸ ಪ್ರೊಸೆಸರಿನ ತಲೆಗೆ. ಹಾಗಾಗಿ ಅಗ್ಗದ ಕಾರ್ಡುಗಳು ಒಂದೇ ಚಿಪ್ಪನ್ನು ನಾಲ್ಕು ಕ್ಯಾಮೆರಾಗಳ ನಡುವೆ ಸರದಿಯಂತೆ ತಿರುಗಿಸಿ, ಫ್ರೇಮುಗಳನ್ನು ಬಿಟ್ಟುಕೊಟ್ಟು ದಿನ ದೂಡಿದವು. ಕುಗ್ಗಿಸುವ ಚಿಪ್ ಕಾರ್ಡಿನಲ್ಲೇ ಬಂದ ಮೇಲೆ, ಆಮೇಲೆ ಡಿವಿಆರ್ ಪೆಟ್ಟಿಗೆಗಳು ಬಂದ ಮೇಲೆ ಆ ಹೊರೆ ಇಳಿಯಿತು.

ಇಷ್ಟರಲ್ಲಿ ಸ್ವೀಡನ್ನಿನ ಆಕ್ಸಿಸ್ ಕಂಪನಿ 1996ರಲ್ಲಿ ನೆಟ್‌ವರ್ಕ್ ಕ್ಯಾಮೆರಾ ತಂದಿತ್ತು. 1998ರಲ್ಲಿ ವಿಡಿಯೊ ಸ್ಟ್ರೀಮ್ ಕೇಳಿ ಪಡೆಯುವ ನಿಯಮಾವಳಿಯಾದ ಆರ್‌ಟಿಎಸ್‌ಪಿ, 2003ರಲ್ಲಿ ಚಿತ್ರ ಕುಗ್ಗಿಸುವ ಕ್ರಮವಾದ ಎಚ್.264, 2008ರಲ್ಲಿ ಬೇರೆ ಬೇರೆ ಕಂಪನಿಗಳ ಕ್ಯಾಮೆರಾಗಳನ್ನು ಒಂದೇ ಭಾಷೆಗೆ ತಂದ ಆನ್‌ವಿಫ್ ಬಂದವು. ನನ್ನ ದೃಷ್ಟಿಯಲ್ಲಿ ದೊಡ್ಡ ತಿರುವು ಇದೇ: ಚಿತ್ರ ಕ್ಯಾಮೆರಾದೊಳಗೇ ಕುಗ್ಗಿ ಬರತೊಡಗಿತು. ಸೆಕೆಂಡಿಗೆ 4 ಮೆಗಾಬಿಟ್‌ನ ಹದಿನಾರು ಕ್ಯಾಮೆರಾಗಳ ಸ್ಟ್ರೀಮನ್ನು ಬಂದಂತೆಯೇ ಡಿಸ್ಕಿಗೆ ಬರೆದರೆ ಸೆಕೆಂಡಿಗೆ ಬರೀ 8 ಎಂಬಿ (ಮೆಗಾಬೈಟ್). ಹಳೆಯ ಕಂಪ್ಯೂಟರೂ ಆರಾಮಾಗಿ ಮಾಡುತ್ತದೆ. ಅದೇ ಚಿತ್ರಗಳನ್ನು 1080 ಅಳತೆಯಲ್ಲಿ, 25 ಫ್ರೇಮಿನಂತೆ ಬಿಚ್ಚಿದರೆ ಸೆಕೆಂಡಿಗೆ ಸುಮಾರು 1.2 ಜಿಬಿ ಆಗುತ್ತದೆ. ಪ್ರೊಸೆಸರ್ ಸೋಲುವುದು ಇಲ್ಲಿ.

ಬಿಚ್ಚುವ ಕೆಲಸಕ್ಕೆ ಬೇರೆ ಯಂತ್ರಾಂಗ ಸಿಕ್ಕಿದ್ದು 2011ರ ಇಂಟೆಲ್ ಕ್ವಿಕ್ ಸಿಂಕ್‌ನಂಥ ಸೌಲಭ್ಯಗಳಿಂದ. ಇದರ ಜೊತೆಗೇ ಒಂದು ಬಲೆಯೂ ಬಂತು. ಡಿಸ್ಕಿನಲ್ಲಿ ಜಾಗ ಉಳಿಸಲೆಂದು ಕ್ಯಾಮೆರಾವನ್ನು ಎಚ್.264ರ ಮುಂದಿನ ರೂಪವಾದ 2013ರ ಎಚ್.265ಕ್ಕೆ ಬದಲಾಯಿಸುತ್ತಾರೆ, ಆದರೆ 2015ರ ಆರನೇ ತಲೆಮಾರಿಗಿಂತ ಹಿಂದಿನ ಇಂಟೆಲ್ ಚಿಪ್ಪಿನಲ್ಲಿ ಅದನ್ನು ಬಿಚ್ಚುವ ಪೂರ್ಣ ಯಂತ್ರಾಂಗ ಇರುವುದಿಲ್ಲ. ಡಿಸ್ಕ್ ಉಳಿಯುತ್ತದೆ, ಪ್ರೊಸೆಸರ್ ಕುಸಿಯುತ್ತದೆ.

ಆದ್ದರಿಂದ ಹುಡುಕಬೇಕಾದದ್ದು ಚಿತ್ರ ಎಲ್ಲಿ ಬಿಚ್ಚಿಕೊಳ್ಳುತ್ತಿದೆ ಎಂಬುದನ್ನು. ಪ್ರೊಸೆಸರ್ ಬಳಕೆ ತೋರಿಸುವ ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು, ಹದಿನಾರು ಚೌಕದ ಲೈವ್ ಕಿಟಕಿಯನ್ನು ಪೂರ್ತಿ ಮುಚ್ಚಿ. ಬಳಕೆ ಸರ್ರನೆ ಇಳಿದರೆ ತಪ್ಪು ಪ್ರದರ್ಶನದ್ದು: ಬೆರಳುದ್ದದ ಚೌಕಕ್ಕೂ ಪೂರ್ತಿ ಅಳತೆಯ ಮುಖ್ಯ ಸ್ಟ್ರೀಮನ್ನೇ ಬಿಚ್ಚಲಾಗುತ್ತಿದೆ. ಅದೇ ಕ್ಯಾಮೆರಾ ಕಳಿಸುವ ಚಿಕ್ಕ ಚಿತ್ರವಾದ 640×360ರ ಸಬ್‌ಸ್ಟ್ರೀಮ್ ಕೊಟ್ಟರೆ ಚುಕ್ಕಿಗಳು ಒಂಬತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತವೆ. ಇಳಿಯದಿದ್ದರೆ ದಿನಾಂಕ-ಸಮಯ ಎಲ್ಲಿ ಅಚ್ಚಾಗುತ್ತಿದೆ ನೋಡಿ. ಕಂಪ್ಯೂಟರಿನಲ್ಲಿ ಅಚ್ಚಾಗುತ್ತಿದ್ದರೆ ಪ್ರತಿ ಫ್ರೇಮೂ ಬಿಚ್ಚಿಕೊಂಡು ಮತ್ತೆ ಕುಗ್ಗುತ್ತದೆ. ಆ ಕೆಲಸವನ್ನು ಕ್ಯಾಮೆರಾಕ್ಕೇ ವಹಿಸಬೇಕು. ರೆಕಾರ್ಡಿಂಗ್ ಫೋಲ್ಡರನ್ನು ಆಂಟಿವೈರಸ್ ಎಡೆಬಿಡದೆ ಜಾಲಾಡುತ್ತಿದೆಯೇ ಎಂಬುದನ್ನೂ ನೋಡಬೇಕು.

ಏನಾದರೂ ಅಲುಗಿದಾಗ ಎಚ್ಚರಗೊಳ್ಳುವ ಚಲನೆ ಪತ್ತೆಯದು ಮಲೆನಾಡಿನ ವಿಶೇಷ ಕಾಟ. ಮಾಕುಟ್ಟದ ಮಳೆಯಲ್ಲಿ ಹನಿ, ಮಂಜು, ಅಲ್ಲಾಡುವ ಕೊಂಬೆ ಎಲ್ಲವೂ ಚಲನೆಯೇ. ಚುಕ್ಕಿ ಹೋಲಿಸುವ ಹಳೆಯ ಕ್ರಮಕ್ಕೆ ಲಾರಿಗೂ ಮಳೆಗೂ ವ್ಯತ್ಯಾಸ ತಿಳಿಯದು. ಜೂನ್ ತಿಂಗಳ ರಾತ್ರಿ ಎಲ್ಲ ಕ್ಯಾಮೆರಾಗಳೂ ಒಟ್ಟಿಗೆ ಎಚ್ಚರಗೊಂಡು, ಬೇಸಿಗೆಯಲ್ಲಿ ಸರಿಯಿದ್ದ ಯಂತ್ರ ಉಸಿರುಗಟ್ಟುತ್ತದೆ.

ಇದಕ್ಕೆ ಉತ್ತರವಾಗಿ ಬಂದದ್ದು ಚಿತ್ರದಲ್ಲಿರುವುದು ಏನೆಂದು ಗುರುತಿಸುವ, ಯೋಲೊದಂಥ ಎಐ ಮಾದರಿಗಳು. ವಾಹನ, ಮನುಷ್ಯ, ಆನೆ ಎಂದು ಬೇರೆ ಮಾಡಬಲ್ಲವು. ಆದರೆ ಅವನ್ನು ಮುಖ್ಯ ಸ್ಟ್ರೀಮಿನ ಪ್ರತಿ ಫ್ರೇಮಿನ ಮೇಲೆ ಓಡಿಸಿದರೆ ಇಳಿಸಿದ ಹೊರೆಯನ್ನು ಮತ್ತೆ ಹೊತ್ತಂತೆ. ಗುರುತಿಸಲು ಸಬ್‌ಸ್ಟ್ರೀಮಿನಿಂದ ಸೆಕೆಂಡಿಗೆ ಐದು ಫ್ರೇಮು ಸಾಮಾನ್ಯವಾಗಿ ಸಾಕು. ನಂಬರ್ ಪ್ಲೇಟ್ ಓದುವ ಕ್ಯಾಮೆರಾ ಒಂದಕ್ಕೆ ಮಾತ್ರ ದೊಡ್ಡ ಚಿತ್ರ ಬೇಕು. ಉಳಿದವುಗಳ ಮುಖ್ಯ ಸ್ಟ್ರೀಮು ಬಿಚ್ಚದೆ, ಬಂದ ಹಾಗೆಯೇ ಡಿಸ್ಕಿಗೆ ಹೋಗಲಿ. ಈಗ ಕ್ಯಾಮೆರಾದ ಚಿಪ್ಪೇ ಗುರುತಿಸಿ, ಯಾವ ಹೊತ್ತಿಗೆ ಏನು ಕಂಡಿತೆಂಬ ಸುದ್ದಿಯನ್ನಷ್ಟೇ ಕಳಿಸುವ ಕ್ಯಾಮೆರಾಗಳೂ ಬಂದಿವೆ. ಅಂಥಲ್ಲಿ ಪುಟ್ಟ ಕಂಪ್ಯೂಟರೊಂದು ಹದಿನಾರು ಕ್ಯಾಮೆರಾವನ್ನೂ ನಿಭಾಯಿಸುತ್ತದೆ, ಮಳೆಗಾಲದಲ್ಲಿ ಕರೆಂಟು ಹೋದಾಗ ಅದೇ ಯುಪಿಎಸ್ ಹೆಚ್ಚು ಹೊತ್ತು ತಾಳುತ್ತದೆ.